ಓವನ್‌ನಲ್ಲಿ ಗೆಣಸು ಕೆಟ್ಟಿತಾ? ಮೊದಲು ಅಡ್ಡಕ್ಕೆ ಕತ್ತರಿಸಿ ನೋಡಿ

ಒಂದು ಗಂಟೆ ಆಗಿದೆ. ಸಿಪ್ಪೆ ಸುಕ್ಕುಗಟ್ಟಿದೆ, ಅಡುಗೆಮನೆ ತುಂಬ ಘಮಘಮ. ಗೆಣಸನ್ನು ತಟ್ಟೆಗೆ ಹಾಕಿ ಚಾಕು ಇಳಿಸಿದರೆ ಅರ್ಧ ದಾರಿಯಲ್ಲಿ ಟಕ್ಕಂತ ನಿಲ್ಲುತ್ತದೆ. ನಡುವೆ ಇನ್ನೂ ಹಸಿ.

ಆಗ ನಾವೆಲ್ಲ ಮಾಡುವ ಕೆಲಸ ಒಂದೇ. ನಾಬ್ ಇನ್ನಷ್ಟು ತಿರುಗಿಸಿ, ಮತ್ತೆ ಹದಿನೈದು ನಿಮಿಷ ಒಳಗೆ ತಳ್ಳುವುದು. ನಾನೂ ತುಂಬ ದಿನ ಹಾಗೇ ಮಾಡುತ್ತಿದ್ದೆ. ಕೆಲವು ಸಲ ಸರಿಹೋಗುತ್ತಿತ್ತು. ಉಳಿದ ಸಲ ಸಿಪ್ಪೆ ಇದ್ದಿಲಾಗಿ, ನಡು ಮಾತ್ರ ಮೊಂಡು ಹಿಡಿದು ಕೂತಿರುತ್ತಿತ್ತು. ‘ಬೇಯಲಿಲ್ಲ’ ಅನ್ನುವುದು ನಾಲ್ಕೈದು ಬೇರೆ ಬೇರೆ ತೊಂದರೆಗಳಿಗೆ ನಾವು ಇಟ್ಟುಕೊಂಡಿರುವ ಒಂದೇ ಹೆಸರು ಅಂತ ಗೊತ್ತಾಗಿದ್ದು ಆಮೇಲೆ. ಒಂದಕ್ಕೆ ಮದ್ದಾಗುವುದು ಇನ್ನೊಂದನ್ನು ಕೆಡಿಸುತ್ತದೆ. ಹಾಗಾಗಿ ಓವನ್ ಮುಟ್ಟುವ ಮೊದಲು ಕೆಟ್ಟ ಗೆಣಸನ್ನೇ ವಿಚಾರಿಸುವುದು ಒಳ್ಳೆಯದು. ಅದು ಎಲ್ಲಾ ಹೇಳುತ್ತದೆ.

ಗಟ್ಟಿ ಜಾಗ ಎಲ್ಲಿದೆ?

ಉದ್ದಕ್ಕೆ ಸೀಳಬೇಡಿ. ಎಲ್ಲಿ ತುಂಬಾ ದಪ್ಪ ಇದೆಯೋ ಅಲ್ಲಿ ಅಡ್ಡಕ್ಕೆ, ಬಿಲ್ಲೆ ಮಾಡುವ ಹಾಗೆ ಕತ್ತರಿಸಿ. ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿಯಿರಿ. ಸ್ವಲ್ಪ ಆರಿದ ಮೇಲೆ ಬೆರಳಿನಿಂದ ಒತ್ತುತ್ತಾ ಹೋಗಿ. ಗಟ್ಟಿ ಭಾಗ ಯಾವ ಆಕಾರದಲ್ಲಿದೆ ಅಂತ ನೋಡಬೇಕು.

ನಟ್ಟನಡುವೆ ದುಂಡಗೆ, ನಾಣ್ಯದಷ್ಟು ಗಟ್ಟಿ ಉಳಿದು, ಸುತ್ತ ಎಲ್ಲಾ ಕಡೆ ಸಮನಾಗಿ ಮೆತ್ತಗಾಗಿದ್ದರೆ ಹೊತ್ತು ಸಾಲಲಿಲ್ಲ ಅಂತ ಅರ್ಥ. ಓವನ್ ಸರಿ ಇದೆ, ಗೆಣಸೂ ಸರಿ ಇದೆ. ನಿಮ್ಮ ಗೆಣಸು ನೀವು ಅಂದುಕೊಂಡದ್ದಕ್ಕಿಂತ ದಪ್ಪ, ಅಷ್ಟೇ.

ಆ ಗಟ್ಟಿ ಭಾಗ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿದ್ದರೆ ಬಿಸಿ ಒಂದೇ ಕಡೆಯಿಂದ ಬರುತ್ತಿದೆ. ಮೇಲ್ಭಾಗ ಬೆಂದು ಕೆಳಭಾಗ ಹಸಿ ಇದ್ದರೆ ಕೆಳಗಿನ ರಾಡ್ ಉರಿಯುತ್ತಿಲ್ಲ, ಇಲ್ಲವೇ ದಪ್ಪ ಟ್ರೇ ಅಡ್ಡ ಬಂದಿದೆ.

ಇಡೀ ಮುಖ ಒಂದೇ ಸಮ ಅರೆಬೆಂದ ಹಾಗಿದ್ದು, ಸಿಪ್ಪೆಯೂ ಬಿಳಿಚಿಕೊಂಡಿದ್ದರೆ ಓವನ್ ತಣ್ಣಗಿತ್ತು. ನಾಬ್ ಏನೇ ಹೇಳಲಿ.

ಕೊನೆಯದು ವಿಚಿತ್ರ. ಸುತ್ತ ಬೆಣ್ಣೆಯ ಹಾಗೆ ಬೆಂದಿದೆ, ಆದರೆ ಅಲ್ಲೊಂದು ಇಲ್ಲೊಂದು ತೇಪೆ ಹಾಕಿದಂತೆ ಗಟ್ಟಿ ಗಂಟು. ಇದಕ್ಕೆ ಓವನ್ ಕಾರಣವೇ ಅಲ್ಲ. ಇನ್ನೂ ಎರಡು ಗಂಟೆ ಇಟ್ಟರೂ ಆ ಗಂಟು ಕರಗುವುದಿಲ್ಲ. ಇದರ ವಿಷಯ ಸ್ವಲ್ಪ ಮುಂದೆ ಬರುತ್ತದೆ.

ಓವನ್ ನಿಜ ಹೇಳುತ್ತಿದೆಯಾ?

ನನ್ನ ಹಳೆಯ ಓಟಿಜಿಯ (ಮೇಲೆ ಕೆಳಗೆ ರಾಡ್ ಇರುವ ಚಿಕ್ಕ ಕರೆಂಟ್ ಓವನ್) ನಾಬ್ 200 ಡಿಗ್ರಿಗೆ ಇಟ್ಟಿದ್ದಾಗ ಒಳಗೆ ಥರ್ಮಾಮೀಟರ್ ನೇತುಹಾಕಿ ನೋಡಿದೆ. 172 ತೋರಿಸಿತು. ಅಷ್ಟು ವರ್ಷ ನಾನು ಗೆಣಸನ್ನೂ ಅಂಗಡಿಯವರನ್ನೂ ಬೈದಿದ್ದು ಸುಮ್ನೆ. ಮನೆಯ ಓವನ್‌ಗಳಲ್ಲಿ ಹತ್ತಿಪ್ಪತ್ತು ಡಿಗ್ರಿ ಹೆಚ್ಚುಕಡಿಮೆ ಇರುವುದು ದೊಡ್ಡ ವಿಷಯವೇನಲ್ಲ. ಅದು ಎಷ್ಟು, ಯಾವ ಕಡೆಗೆ ಅಂತ ಗೊತ್ತಿರಬೇಕು ಅಷ್ಟೇ. ಓವನ್ ಒಳಗೆ ಇಡುವ ಚಿಕ್ಕ ಥರ್ಮಾಮೀಟರ್ ಒಂದಿದ್ದರೆ ಗೆಣಸಿಗಷ್ಟೇ ಅಲ್ಲ, ಕೇಕಿಗೂ ಬ್ರೆಡ್ಡಿಗೂ ಆಗುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೆ ಸಕ್ಕರೆ ಇದೆಯಲ್ಲ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್‌ನಲ್ಲಿ ಒಂದು ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹಾಕಿ, ಓವನ್ ಚೆನ್ನಾಗಿ ಕಾದ ಮೇಲೆ 175ಕ್ಕೆ ಹದಿನೈದು ನಿಮಿಷ ಇಡಿ. ಅದು ಕರಗಬಾರದು. ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಜಾಸ್ತಿ ಬಿಸಿ. ಆಮೇಲೆ ಹೊಸ ಸಕ್ಕರೆ ಹಾಕಿ 190ಕ್ಕೆ ಹದಿನೈದು ನಿಮಿಷ. ಈಗ ಕರಗಬೇಕು. ಹರಳು ಹರಳಾಗಿ ಹಾಗೇ ಇದ್ದರೆ ಓವನ್ ತಣ್ಣಗೆ ಓಡುತ್ತಿದೆ. ಕರಗಿದ ಸಕ್ಕರೆ ಕೈಗೆ ತಾಗದ ಹಾಗೆ ನೋಡಿಕೊಳ್ಳಿ, ಅದು ಎಣ್ಣೆಗಿಂತ ಕೆಟ್ಟದಾಗಿ ಸುಡುತ್ತದೆ.

ಬಿಸಿ ಒಂದೇ ಕಡೆ ಅಂತ ಅನುಮಾನ ಇದ್ದರೆ ಬ್ರೆಡ್ ಹೋಳುಗಳನ್ನು ರ್ಯಾಕ್ ತುಂಬ ಜೋಡಿಸಿ 180ಕ್ಕೆ ಇಡಿ. ಯಾವ ಮೂಲೆಯ ಬ್ರೆಡ್ ಮೊದಲು ಕಂದಾಗುತ್ತದೋ ಅಲ್ಲಿ ಬಿಸಿ ಜಾಸ್ತಿ. ನನ್ನದರಲ್ಲಿ ಹಿಂದಿನ ಬಲ ಮೂಲೆ. ಅದು ಗೊತ್ತಾದ ಮೇಲೆ ಅತಿ ದಪ್ಪ ಗೆಣಸಿಗೆ ಆ ಜಾಗ ಮೀಸಲು. ಅರ್ಧ ಹೊತ್ತಿನಲ್ಲಿ ಒಮ್ಮೆ ಮಗ್ಗುಲು ಬದಲಿಸಿದರೆ ಇನ್ನೂ ಒಳ್ಳೆಯದು.

ಓಟಿಜಿಯಲ್ಲಿ ರಾಡ್ ಆರಿಸುವ ನಾಬ್ ಕೂಡ ನೋಡಿ. ಹಿಂದಿನ ದಿನ ಯಾರೋ ಚೀಸ್ ಕರಗಿಸಲು ಮೇಲಿನ ರಾಡ್ ಮಾತ್ರ ಇಟ್ಟಿರುತ್ತಾರೆ, ನಾವು ನೋಡದೆ ಗೆಣಸು ಒಳಗೆ ಹಾಕಿರುತ್ತೇವೆ. ಗೆಣಸಿಗೆ ಎರಡೂ ರಾಡ್ ಬೇಕು. ಫ್ಯಾನ್ ಇದ್ದರೆ ಫ್ಯಾನ್ ಹಾಕಿ, ಬಿಸಿಯನ್ನು 20 ಡಿಗ್ರಿ ಇಳಿಸಿ. ಕನ್ವೆಕ್ಷನ್ ಇರುವ ಮೈಕ್ರೊವೇವ್ ಆದರೆ ನಿಜವಾಗಿ ಕನ್ವೆಕ್ಷನ್ ಮೋಡ್‌ನಲ್ಲೇ ಇದೆಯಾ ಅಂತ ಒಮ್ಮೆ ಪರದೆ ನೋಡಿ. ನಗಬೇಡಿ, ನನಗೆ ಎರಡು ಸಲ ಆಗಿದೆ.

ದಪ್ಪದ ಲೆಕ್ಕ

ಗೆಣಸಿನ ತೂಕ ನೋಡಿ ಹೊತ್ತು ಇಡುವವರು ಮೋಸ ಹೋಗುತ್ತಾರೆ. ಬಿಸಿ ಸಿಪ್ಪೆಯಿಂದ ನಡುವಿಗೆ ನಡೆದು ಹೋಗಬೇಕು. ಆ ದಾರಿಯ ಉದ್ದವೇ ಲೆಕ್ಕ. ಉದ್ದನೆಯ ಸಪೂರ ಗೆಣಸು ಮತ್ತು ಗಿಡ್ಡನೆಯ ಗುಂಡು ಗೆಣಸು ಒಂದೇ ತೂಕ ಇರಬಹುದು, ಒಂದೇ ಹೊತ್ತಿಗೆ ಬೇಯುವುದಿಲ್ಲ.

ಇನ್ನೊಂದು ವಿಷಯ. ಹೊತ್ತು ದಪ್ಪದ ಜೊತೆ ನೇರವಾಗಿ ಏರುವುದಿಲ್ಲ, ದಪ್ಪದ ವರ್ಗದ ಜೊತೆ ಏರುತ್ತದೆ. 5 ಸೆಂಟಿಮೀಟರ್ ದಪ್ಪದ ಗೆಣಸಿಗೆ 50 ನಿಮಿಷ ಸಾಕಾದರೆ 7 ಸೆಂಟಿಮೀಟರ್‌ನದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಬೇಕು. ಕಣ್ಣಿಗೆ ಎರಡೂ ‘ಸ್ವಲ್ಪ ದೊಡ್ಡದು, ಸ್ವಲ್ಪ ಚಿಕ್ಕದು’ ಅಷ್ಟೇ. ಒಂದೇ ಟ್ರೇಯಲ್ಲಿ ಒಂದು ಕರಗಿ ಹೋಗಿ ಇನ್ನೊಂದು ಕಲ್ಲಾಗಿ ಉಳಿಯುವುದು ಇದೇ ಕಾರಣಕ್ಕೆ. ಆರಿಸುವಾಗಲೇ ಒಂದೇ ದಪ್ಪದವನ್ನು ಆರಿಸಿ. ಸಿಗದಿದ್ದರೆ ದಪ್ಪದ್ದನ್ನು ಮೊದಲು ಒಳಗಿಟ್ಟು, ಸಪೂರದ್ದನ್ನು ಆಮೇಲೆ ಸೇರಿಸಿ. ತುಂಬಾ ದಪ್ಪ ಇದ್ದರೆ ಉದ್ದಕ್ಕೆ ಎರಡು ಸೀಳು ಮಾಡಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಇಡುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಬೆಂದಿದೆಯಾ ಅಂತ ತಿಳಿಯಲು ಗಡಿಯಾರ ನಂಬಬೇಡಿ. ತೆಳು ಕಡ್ಡಿಯನ್ನೋ ಸಪೂರ ಚಾಕುವನ್ನೋ ಅತಿ ದಪ್ಪ ಜಾಗದಲ್ಲಿ ಚುಚ್ಚಿ. ಎಲ್ಲೂ ತಡೆಯದೆ ಇಳಿಯಬೇಕು. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುವೆ 96ರಿಂದ 98 ಡಿಗ್ರಿ ಬಂದಾಗ ಆಯಿತು ಅಂತ. ಕೆಲವರು ತುದಿ ಒತ್ತಿ ನೋಡುತ್ತಾರೆ. ತುದಿ ಯಾವಾಗಲೂ ಮೊದಲು ಬೇಯುತ್ತದೆ, ಅದರ ಮಾತು ಕೇಳಬೇಡಿ.

ಅರ್ಧಕ್ಕೆ ನಿಲ್ಲಿಸಿ ಆರಲು ಬಿಟ್ಟು, ಆಮೇಲೆ ಮತ್ತೆ ಬೇಯಿಸಲು ಹೋಗಬೇಡಿ. 60 ಡಿಗ್ರಿಯ ಆಸುಪಾಸಿನಲ್ಲಿ ತುಂಬಾ ಹೊತ್ತು ಕುಳಿತರೆ ಗೆಣಸಿನ ಒಳಗಿನ ಪೆಕ್ಟಿನ್, ಅಂದರೆ ಅದರ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು, ಇನ್ನಷ್ಟು ಬಿಗಿಯಾಗುತ್ತದೆ. ಮತ್ತೆ ಬೇಯಿಸಿದಾಗ ಮೆತ್ತಗಾಗಲು ಸತಾಯಿಸುತ್ತದೆ.

ಕರಗದ ಗಂಟು

ಈಗ ಆ ತೇಪೆ ತೇಪೆ ಗಟ್ಟಿಯ ವಿಷಯ. ಗೆಣಸು ಬೆಚ್ಚಗಿನ ನೆಲದ ಬೆಳೆ, ಅದಕ್ಕೆ ಚಳಿ ಆಗುವುದಿಲ್ಲ. ಹಸಿ ಗೆಣಸನ್ನು 10ರಿಂದ 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಒಳಗಿನ ಕೋಶಗಳು ಏಟು ತಿನ್ನುತ್ತವೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬೇಯಿಸಿದಾಗ ಮಾತ್ರ ಆ ಜಾಗ ಮೆತ್ತಗಾಗದೆ ಉಳಿಯುತ್ತದೆ. ಫ್ರಿಜ್ ಒಳಗೆ ಇರುವುದು ಸುಮಾರು 4 ಡಿಗ್ರಿ. ಒಂದು ರಾತ್ರಿಗೆ ದೊಡ್ಡ ಹಾನಿ ಆಗಲಿಕ್ಕಿಲ್ಲ, ಆದರೆ ವಾರಗಟ್ಟಲೆ ತರಕಾರಿ ಡಬ್ಬಿಯಲ್ಲಿ ಇಟ್ಟಿದ್ದರೆ ಕಥೆ ಮುಗಿದ ಹಾಗೆ.

ತಂದ ಗೆಣಸು ದಾರಿಯಲ್ಲೇ ಎಲ್ಲೋ ಶೀತಲಕೋಣೆಯಲ್ಲಿ ಚಳಿ ತಿಂದಿರಬಹುದು. ಅದು ನಮ್ಮ ಕೈಯಲ್ಲಿ ಇಲ್ಲ. ನಮ್ಮ ಕೈಯಲ್ಲಿ ಇರುವುದು ಮನೆಗೆ ಬಂದ ಮೇಲೆ ಫ್ರಿಜ್‌ಗೆ ತುರುಕದೇ ಇರುವುದು. 13ರಿಂದ 16 ಡಿಗ್ರಿ ಅದಕ್ಕೆ ತುಂಬಾ ಇಷ್ಟ. ಅಂಥ ಜಾಗ ಎಲ್ಲರ ಮನೆಯಲ್ಲಿ ಇರುವುದಿಲ್ಲ ಅಲ್ವಾ? ಕತ್ತಲು ಇರುವ, ಗಾಳಿಯಾಡುವ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆ ಸಾಕು. ಪ್ಲಾಸ್ಟಿಕ್ ಚೀಲದ ಬಾಯಿ ಕಟ್ಟಿ ಇಡಬೇಡಿ, ಬೆವರಿ ಮುಗ್ಗಲು ಹಿಡಿಯುತ್ತದೆ. ಈಗಾಗಲೇ ಗಂಟು ಬಂದ ಗೆಣಸನ್ನು ಬೇಯಿಸುತ್ತಾ ಕರೆಂಟ್ ಸುಡಬೇಡಿ. ಮೆತ್ತಗಿನ ಭಾಗ ಕೆರೆದು ತೆಗೆದುಕೊಂಡು ಉಳಿದದ್ದನ್ನು ಬಿಡಿ.

ಬೆಂದಿದೆ, ಆದರೆ ಸಪ್ಪೆ

ನನ್ನ ಲೆಕ್ಕದಲ್ಲಿ ಇದು ಅತಿ ದೊಡ್ಡ ದೋಷ. ಆದರೂ ಇದನ್ನು ಯಾರೂ ದೋಷ ಅಂತ ಎಣಿಸುವುದಿಲ್ಲ. ‘ಗೆಣಸೇ ಸಪ್ಪೆ’ ಅಂದು ಮುಗಿಸಿಬಿಡುತ್ತಾರೆ. ಎಷ್ಟೋ ಸಲ ಆ ಗೆಣಸಿನಲ್ಲಿ ಸಿಹಿ ಆಗಬಹುದಾಗಿತ್ತು, ನಾವೇ ಆಗಲು ಬಿಡಲಿಲ್ಲ.

ಹಸಿ ಗೆಣಸು ಕಚ್ಚಿ ನೋಡಿ. ಸಿಹಿ ಸ್ವಲ್ಪವೇ. ಬೆಂದ ಗೆಣಸಿನ ಸಿಹಿಯಲ್ಲಿ ದೊಡ್ಡ ಪಾಲು ಓವನ್ ಒಳಗೇ ಹುಟ್ಟುತ್ತದೆ. ಗೆಣಸಿನಲ್ಲಿ ಪಿಷ್ಟ ತುಂಬಾ ಇದೆ. ಬೀಟಾ ಅಮೈಲೇಸ್ ಅನ್ನುವ ಕಿಣ್ವವೂ ಇದೆ. ಪಿಷ್ಟ ಬಿಸಿಗೆ ಉಬ್ಬಿ ಗಂಜಿಯ ಹಾಗೆ ಆದ ಮೇಲೆ ಈ ಕಿಣ್ವ ಅದನ್ನು ತುಂಡರಿಸಿ ಮಾಲ್ಟೋಸ್ ಅನ್ನುವ ಸಕ್ಕರೆ ಮಾಡುತ್ತದೆ. ತೊಂದರೆ ಇರುವುದು ಇಲ್ಲೇ. ಪಿಷ್ಟ ಉಬ್ಬಲು 60 ಡಿಗ್ರಿ ದಾಟಬೇಕು. ಕಿಣ್ವ 75–80 ಡಿಗ್ರಿ ದಾಟಿದರೆ ಕೆಟ್ಟು ಸುಮ್ಮನಾಗುತ್ತದೆ. ನಡುವೆ ಸಿಗುವುದು ಚಿಕ್ಕ ಕಿಟಕಿ. ಗೆಣಸಿನ ತಿರುಳು ಆ ಕಿಟಕಿಯಲ್ಲಿ ಎಷ್ಟು ಹೊತ್ತು ಕುಳಿತಿರುತ್ತದೋ ಅಷ್ಟು ಸಿಹಿ.

ಮೈಕ್ರೊವೇವ್‌ನಲ್ಲಿ ಐದಾರು ನಿಮಿಷಕ್ಕೆ ಬೆಂದ ಗೆಣಸು ಯಾಕೆ ಸಪ್ಪೆ ಅಂತ ಈಗ ಗೊತ್ತಾಯಿತಲ್ಲ. ಅದು ಆ ಕಿಟಕಿಯನ್ನು ಓಡಿಕೊಂಡು ದಾಟಿಬಿಡುತ್ತದೆ. ಬಿಸಿ ಬೂದಿಯಲ್ಲಿ ಹೂತಿಟ್ಟು ಮರೆತ ಗೆಣಸು ಜೇನಿನ ಹಾಗೆ ಆಗುವುದೂ ಇದೇ ಕಾರಣಕ್ಕೆ.

ಅನುಮಾನ ತೀರಿಸಿಕೊಳ್ಳಲು ಒಂದು ಸಣ್ಣ ಪರೀಕ್ಷೆ ಮಾಡಿ. ಒಂದೇ ಗೆಣಸನ್ನು ಅಡ್ಡಕ್ಕೆ ಎರಡು ಮಾಡಿ. ಒಂದು ತುಂಡನ್ನು ಚುಚ್ಚಿ ಮೈಕ್ರೊವೇವ್‌ನಲ್ಲಿ ಬೇಯಿಸಿ. ಇನ್ನೊಂದನ್ನು ಓವನ್‌ನಲ್ಲಿ ನಿಧಾನಕ್ಕೆ ಬೇಯಿಸಿ. ಎರಡನ್ನೂ ಆರಲು ಬಿಟ್ಟು ರುಚಿ ನೋಡಿ. ಓವನ್‌ನದು ಸ್ಪಷ್ಟವಾಗಿ ಸಿಹಿ ಇದ್ದರೆ ಇಷ್ಟು ದಿನ ನಿಮ್ಮದು ಅವಸರ. ಎರಡೂ ಒಂದೇ ಸಮ ಸಪ್ಪೆ ಇದ್ದರೆ ತಪ್ಪು ಗೆಣಸಿನದು, ಅದನ್ನು ಬೈಯಲು ಈಗ ನಿಮಗೆ ಪೂರ್ತಿ ಹಕ್ಕಿದೆ. ಈ ಕಿಣ್ವ ತೀರಾ ಕಡಿಮೆ ಇರುವ ತಳಿಗಳೂ ಇವೆ. ಅವಕ್ಕೆ ಉಪ್ಪು, ಖಾರ, ಬೆಣ್ಣೆಯೇ ಗತಿ.

ಇನ್ನೊಂದು ಸಾಧ್ಯತೆ ಗೆಣಸಿನ ವಯಸ್ಸು. ಈಗಷ್ಟೇ ಅಗೆದು ತಂದದ್ದು ಹೆಚ್ಚು ರುಚಿ ಅಂತ ನಾವು ಅಂದುಕೊಳ್ಳುತ್ತೇವೆ. ಗೆಣಸಿನಲ್ಲಿ ಇದು ತಲೆಕೆಳಗು. ಅಗೆದ ಮೇಲೆ ಸುಮಾರು 29 ಡಿಗ್ರಿ ಬಿಸಿ, ಒಳ್ಳೆಯ ತೇವ ಇರುವ ಕೋಣೆಯಲ್ಲಿ ನಾಲ್ಕರಿಂದ ಏಳು ದಿನ ಹದ ಮಾಡುತ್ತಾರೆ. ಸಿಪ್ಪೆಯ ಗಾಯ ಮಾಗುತ್ತದೆ, ಒಳಗೆ ಸಿಹಿ ಕೂಡ ಏರಲು ಶುರುವಾಗುತ್ತದೆ. ಆಮೇಲೆ ಕೆಲವು ವಾರ ಇಟ್ಟರೆ ಇನ್ನೂ ಸಿಹಿ. ಹಾಗಾಗಿ ಸಪ್ಪೆ ಗೆಣಸು ಒಂದು ಬುಟ್ಟಿ ಬಂದಿದ್ದರೆ ಎಸೆಯಬೇಡಿ. ಎರಡು ಮೂರು ವಾರ ಫ್ರಿಜ್ ಹೊರಗೆ ಇಟ್ಟು ಮತ್ತೆ ಒಂದು ಬೇಯಿಸಿ ನೋಡಿ.

ಓವನ್‌ನಲ್ಲಿ ನಾನು ಮಾಡುವುದು ಹೀಗೆ. ಪ್ರೀಹೀಟ್ ಮಾಡುವುದೇ ಇಲ್ಲ. ತಣ್ಣಗಿರುವ ಓವನ್‌ಗೆ ಗೆಣಸು ಇಟ್ಟು 150ಕ್ಕೆ ಸ್ವಿಚ್ ಹಾಕುತ್ತೇನೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಅದು ತನ್ನ ಪಾಡಿಗೆ ಇರುತ್ತದೆ. ಆಮೇಲೆ 200ಕ್ಕೆ ಏರಿಸಿ ಪೂರ್ತಿ ಬೇಯುವ ತನಕ, ದಪ್ಪ ನೋಡಿ ಇನ್ನೂ ಅರ್ಧ ಗಂಟೆಯಿಂದ ಒಂದು ಗಂಟೆ. ಮೊದಲ ಹಂತ ಸಿಹಿಗೆ, ಎರಡನೆಯದು ಮೆತ್ತಗಾಗಲು ಮತ್ತು ಸಿಪ್ಪೆಯ ಸುಟ್ಟ ಘಮಕ್ಕೆ. ಅವಸರ ಇದ್ದ ದಿನ ಗೆಣಸೇ ಮಾಡುವುದಿಲ್ಲ. ಬೇರೆ ತರಕಾರಿಗಳಿಗೆ ಬರವೇ?

ನೀರುನೀರು, ಇಲ್ಲವೇ ಗಂಟಲು ಕಟ್ಟುವ ಹಾಗೆ

ತಿರುಳು ನೀರೊಡೆದು ಪಿಚಪಿಚ ಅಂದರೆ ಮೊದಲು ಫಾಯಿಲ್ ಮೇಲೆ ಕಣ್ಣು ಹಾಕಿ. ಫಾಯಿಲ್‌ನಲ್ಲಿ ಸುತ್ತಿದ ಗೆಣಸು ಓವನ್ ಒಳಗೆ ಇದ್ದರೂ ಹಬೆಯಲ್ಲಿ ಬೇಯುತ್ತದೆ. ನೀರು ಹೊರಗೆ ಹೋಗಲು ದಾರಿ ಇಲ್ಲ. ಸಿಪ್ಪೆ ಒದ್ದೆ, ರುಚಿ ಕುದಿಸಿದ ಗೆಣಸಿನದು. ಬೇಗ ಬೇಯುತ್ತದೆ ಅನ್ನುವ ನಂಬಿಕೆಗೂ ಆಧಾರ ಇಲ್ಲ. ಹೊಳೆಯುವ ಮುಖ ಒಳಗಾ ಹೊರಗಾ ಅನ್ನುವ ಜಗಳಕ್ಕಂತೂ ಅರ್ಥವೇ ಇಲ್ಲ, ಎರಡೂ ಒಂದೇ. ಫಾಯಿಲ್ ಬಿಚ್ಚಿ, ರ್ಯಾಕ್ ಮೇಲೆ ಬರಿಮೈಯಲ್ಲಿ ಇಡಿ.

ತೊಳೆದ ಗೆಣಸನ್ನು ಒರೆಸದೆ ಇಟ್ಟರೂ ಸ್ವಲ್ಪ ಮಟ್ಟಿಗೆ ಇದೇ ತೊಂದರೆ. ಟ್ರೇಯಲ್ಲಿ ಒತ್ತೊತ್ತಾಗಿ ತುಂಬಿದರೂ ಅಷ್ಟೇ, ಒಂದರ ಹಬೆ ಇನ್ನೊಂದಕ್ಕೆ. ಬೆಂದ ಕೂಡಲೇ ಮುಚ್ಚಳ ಹಾಕಿದ ಡಬ್ಬಿಗೆ ಹಾಕುವುದೂ ಬೇಡ. ಒಂದು ಸೀಳು ಕೊಟ್ಟು ಹತ್ತು ನಿಮಿಷ ಹಬೆ ಹೋಗಲು ಬಿಡಿ.

ಇನ್ನು ಹಿಟ್ಟುಹಿಟ್ಟಾಗಿ, ಒಣಗಿ, ನುಂಗಿದರೆ ಗಂಟಲಲ್ಲಿ ನಿಲ್ಲುವ ಗೆಣಸು. ಇದು ಬಹುಪಾಲು ತಳಿಯ ಗುಣ. ಕಿತ್ತಳೆ ತಿರುಳಿನವು ಸಾಮಾನ್ಯವಾಗಿ ತೇವ, ಮೆದು. ಬಿಳಿ, ತಿಳಿ ಹಳದಿ, ನೇರಳೆ ತಿರುಳಿನವುಗಳಲ್ಲಿ ಅನೇಕ ತಳಿಗಳು ಒಣ ಜಾತಿ. ಒಣ ಜಾತಿಯಿಂದ ಪಾಕ ಸುರಿಯಬೇಕು ಅಂತ ಕಾದು ಕೂತರೆ ಅದು ಇನ್ನೂ ಒಣಗುತ್ತದೆ. ಅದನ್ನು 180ರಲ್ಲಿ ಬೇಯಿಸಿ, ಕಡ್ಡಿ ಇಳಿದ ಕೂಡಲೇ ತೆಗೆಯಿರಿ. ಬಿಸಿ ಇರುವಾಗಲೇ ಬೆಣ್ಣೆಯೋ ತುಪ್ಪವೋ ಹಾಕಿ. ಇದೊಂದಕ್ಕೆ ಮಾತ್ರ ಕೊನೆಯ ಹತ್ತಿಪ್ಪತ್ತು ನಿಮಿಷ ಫಾಯಿಲ್ ಹೊದಿಸಿದರೆ ನನ್ನ ತಕರಾರಿಲ್ಲ.

ಹೊಗೆ, ಪಾಕ, ಸಿಡಿತ

ಚೆನ್ನಾಗಿ ಬೇಯುತ್ತಿರುವ ಗೆಣಸು ಪಾಕ ಉಗುಳುತ್ತದೆ. ಅದು ಒಳ್ಳೆಯ ಗುರುತು. ಆದರೆ ಆ ಪಾಕ ಕೆಳಗಿನ ರಾಡ್ ಮೇಲೆ ಬಿದ್ದರೆ ಮನೆಯೆಲ್ಲ ಹೊಗೆ. ಗೆಣಸು ನಡುವಿನ ರ್ಯಾಕ್‌ನಲ್ಲಿ ಇರಲಿ, ಅದರ ಕೆಳಗಿನ ರ್ಯಾಕ್‌ನಲ್ಲಿ ಫಾಯಿಲ್ ಹಾಸಿದ ಟ್ರೇ ಇರಲಿ. ಓವನ್‌ನ ತಳಕ್ಕೇ ಫಾಯಿಲ್ ಹಾಸಬೇಡಿ. ಬಿಸಿ ಗಾಳಿ ಓಡಾಡುವುದು ನಿಂತು ಓವನ್‌ಗೇ ಪೆಟ್ಟು. ಬೇಕಿಂಗ್ ಪೇಪರ್ ಹಾಕುವವರು ಅದರ ಡಬ್ಬದ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿದೆ ನೋಡಿ. ಚಿಕ್ಕ ಓಟಿಜಿಯಲ್ಲಿ ಪೇಪರ್‌ನ ಅಂಚು ರಾಡ್‌ಗೆ ತಾಗಿದರೆ ಹೊತ್ತಿಕೊಳ್ಳುತ್ತದೆ.

ಸಿಪ್ಪೆಯ ಮೇಲ್ಭಾಗ ಮಾತ್ರ ಕಪ್ಪಾಗಿ ಉಳಿದದ್ದೆಲ್ಲ ಸರಿ ಇದ್ದರೆ ಗೆಣಸು ಮೇಲಿನ ರಾಡ್‌ಗೆ ತೀರಾ ಹತ್ತಿರ ಇದೆ. ಒಂದು ಹಂತ ಕೆಳಗೆ ಇಳಿಸಿ. ಒಲೆ ಕೆಟ್ಟಿಲ್ಲ.

ಸಿಡಿಯುವುದು ಅಪರೂಪ. ಆದರೆ ಸಿಡಿದರೆ ಓವನ್ ತೊಳೆಯುವುದೇ ಒಂದು ದಿನದ ಕೆಲಸ. ಫೋರ್ಕ್‌ನಿಂದ ಐದಾರು ಕಡೆ ಚುಚ್ಚಿದರೆ ಸಾಕು. ಜರಡಿ ಮಾಡಬೇಡಿ, ಎಲ್ಲ ತೂತಿನಿಂದಲೂ ಪಾಕ ಹರಿದುಹೋಗುತ್ತದೆ.

ಕಹಿ ಮತ್ತು ಬಣ್ಣ

ಇಲ್ಲಿ ಮಾತ್ರ ತಮಾಷೆ ಇಲ್ಲ. ಕಹಿ ಎರಡು ಥರ. ಸಿಪ್ಪೆಯಲ್ಲಿ, ಪಾಕ ಹತ್ತಿದ ಜಾಗದಲ್ಲಿ ಮಾತ್ರ ಕಹಿ ಇದ್ದರೆ ಅದು ಸೀದ ಸಕ್ಕರೆ. ಕೆರೆದು ತಿನ್ನಿ. ತಿರುಳೇ ಕಹಿ ಇದ್ದು, ಜೊತೆಗೆ ಒಂದು ಥರ ಔಷಧಿಯಂಥ ವಾಸನೆ ಬಂದರೆ ಬಾಯಿಯಿಂದ ಉಗಿಯಿರಿ. ಹುಳು ಕೊರೆದಾಗ, ಬೂಷ್ಟು ಹಿಡಿದಾಗ ಗೆಣಸು ತನ್ನನ್ನು ಕಾಪಾಡಿಕೊಳ್ಳಲು ಇಪೋಮಿಯಾಮರೋನ್ ಅನ್ನುವ ಕಹಿ ವಿಷ ಮಾಡಿಕೊಳ್ಳುತ್ತದೆ. ಬೇಯಿಸಿದರೆ ಅದು ಹೋಗುವುದಿಲ್ಲ. ತುಂಡು ಮಾಡಿದಾಗ ಕಂದು ಸುರಂಗ, ಕಪ್ಪು ಕೊಳೆ ಕಂಡರೆ ಆ ಗೆಣಸು ಪೂರ್ತಿ ಕಸಕ್ಕೆ. ದನಕ್ಕೂ ಹಾಕಬೇಡಿ, ಬೂಷ್ಟು ಹಿಡಿದ ಗೆಣಸು ತಿಂದು ದನಗಳ ಶ್ವಾಸಕೋಶ ಕೆಟ್ಟು ಸತ್ತದ್ದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ.

ಮೊಳಕೆ ಬಂದಿದ್ದರೆ ಹೆದರಬೇಡಿ. ಆಲೂಗಡ್ಡೆಯ ಮೊಳಕೆಯಲ್ಲಿರುವ ವಿಷ ಇದರಲ್ಲಿ ಇಲ್ಲ, ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಮೊಳಕೆ ಮುರಿದು ಬೇಯಿಸಿ. ತುಂಬಾ ಹಳೆಯದಾದರೆ ಒಳಗೆ ಬೆಂಡು ಬೆಂಡಾಗಿರಬಹುದು. ಕೈಯಲ್ಲಿ ಎತ್ತಿದಾಗಲೇ ಹಗುರ ಅನ್ನಿಸುತ್ತದೆ.

ಬೆಂದ ಮೇಲೆ ತಿರುಳು ಬೂದು ಹಸಿರಾಗಿ ಕಂಡರೆ ಅದು ಕೊಳೆತದ್ದಲ್ಲ. ಗೆಣಸಿನಲ್ಲಿರುವ ಕ್ಲೋರೋಜೆನಿಕ್ ಆಮ್ಲ ಕಬ್ಬಿಣದ ಜೊತೆ, ಗಾಳಿಯ ಜೊತೆ ಸೇರಿ ಬಣ್ಣ ತಿರುಗುತ್ತದೆ. ತಿನ್ನಲು ಅಡ್ಡಿ ಇಲ್ಲ. ತುದಿಯಲ್ಲಿ ಕಪ್ಪಗೆ ಹೊಳೆಯುವ ಅಂಟು ಇದ್ದರೆ ಕತ್ತರಿಸಿದಾಗ ಒಸರಿದ ಬಿಳಿ ಹಾಲು ಒಣಗಿದ್ದು, ಅಷ್ಟೇ. ನಾರು ಜಾಸ್ತಿ ಇದ್ದರೆ ಓವನ್ ಏನೂ ಮಾಡಲಾರದು. ಬೇಯಿಸಿದ ಮೇಲೆ ಅಡ್ಡಕ್ಕೆ ತೆಳ್ಳಗೆ ಕತ್ತರಿಸಿ, ನಾರು ಗಿಡ್ಡವಾಗಿ ಬಾಯಿಗೆ ತಿಳಿಯುವುದಿಲ್ಲ.

ಹೋಳುಗಳು ಗರಿಗರಿ ಆಗದಿದ್ದರೆ

ಮೊದಲೇ ಹೇಳಿಬಿಡುತ್ತೇನೆ. ಗೆಣಸಿನ ಹೋಳು ಆಲೂಗಡ್ಡೆಯಷ್ಟು ಗರಿಗರಿ ಆಗುವುದಿಲ್ಲ. ಸಕ್ಕರೆ ಜಾಸ್ತಿ, ಹಾಗಾಗಿ ಒಣಗಿ ಗರಿಯಾಗುವ ಮೊದಲೇ ಕಂದಾಗುತ್ತದೆ. ಅಂಚಿನಲ್ಲಿ ಗರಿ, ಒಳಗೆ ಮೆದು ಬಂದರೆ ನೀವು ಗೆದ್ದ ಹಾಗೆ.

ಪೂರ್ತಿ ಮೆತ್ತಗೆ ಜೋತು ಬಿದ್ದರೆ ಕಾರಣ ಮುಕ್ಕಾಲು ಪಾಲು ಟ್ರೇಯಲ್ಲಿದೆ. ಹೋಳುಗಳ ನಡುವೆ ಬೆರಳು ಅಗಲ ಜಾಗ ಬೇಕು. ನಾವೋ, ಎರಡು ಸಲ ಮಾಡಬೇಕಲ್ಲ ಅಂತ ಒಂದೇ ಸಲಕ್ಕೆ ರಾಶಿ ಹಾಕುತ್ತೇವೆ. ರಾಶಿಯಲ್ಲಿ ಹಬೆ ಹೊರಗೆ ಹೋಗುವುದಿಲ್ಲ. ಕತ್ತರಿಸಿದ ಹೋಳನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಪೂರ್ತಿ ಒರೆಸಿ. ಇಲ್ಲಿ ‘ಪೂರ್ತಿ’ ಅನ್ನುವುದಕ್ಕೆ ಒತ್ತು. ಒಂದೆರಡು ಚಮಚ ಕಾರ್ನ್‌ಫ್ಲೋರ್ ತೆಳ್ಳಗೆ ಹಚ್ಚಿ, ಆಮೇಲೆ ಎಣ್ಣೆ. ಉಪ್ಪು ಕೊನೆಗೆ, ಹೊರಗೆ ತೆಗೆದ ಮೇಲೆ. ಮೊದಲೇ ಹಾಕಿದರೆ ನೀರು ಬಿಡುತ್ತದೆ. ಇದಕ್ಕೆ ಓವನ್ ಮೊದಲೇ ಕಾದಿರಬೇಕು, 210–220. ನಿಧಾನದ ಪಾಠ ಇಡೀ ಗೆಣಸಿಗೆ ಮಾತ್ರ.

ಒಂದು ಸಲಕ್ಕೆ ಒಂದೇ ಬದಲಾವಣೆ

ಬಿಸಿ, ಹೊತ್ತು, ರ್ಯಾಕ್, ಗೆಣಸಿನ ಜಾತಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾಕೆ ಸರಿಹೋಯಿತು ಗೊತ್ತಾಗುವುದಿಲ್ಲ. ನಾನು ಓವನ್ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ. ದಪ್ಪ ಎಷ್ಟು, ತಿರುಳಿನ ಬಣ್ಣ ಯಾವುದು, ಎಷ್ಟು ಡಿಗ್ರಿ, ಎಷ್ಟು ಹೊತ್ತು, ಕತ್ತರಿಸಿದಾಗ ಏನು ಕಂಡಿತು. ಐದಾರು ಸಲ ಬರೆದ ಮೇಲೆ ಮತ್ತೆ ಬರೆಯಬೇಕಾಗಿ ಬರಲಿಲ್ಲ.

ಆ ದಿನದ ಊಟಕ್ಕೆ ಹೊತ್ತಾಗಿದ್ದು, ನಡು ಮಾತ್ರ ಹಸಿ ಇದ್ದರೆ ಒಂದು ಉಪಾಯ ಇದೆ. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ ಮೈಕ್ರೊವೇವ್‌ನಲ್ಲಿ ಎರಡು ನಿಮಿಷ. ಅಷ್ಟರಲ್ಲಿ ಸುತ್ತಲಿನ ಭಾಗದಲ್ಲಿ ಸಿಹಿ ಹುಟ್ಟಿ ಆಗಿರುತ್ತದೆ, ರುಚಿಗೆ ದೊಡ್ಡ ನಷ್ಟ ಇಲ್ಲ.

ಉಳಿದದ್ದನ್ನು, ಫಾಯಿಲ್ ಸುತ್ತಿದ್ದರೆ ಬಿಚ್ಚಿ, ಎರಡು ಗಂಟೆಯ ಒಳಗೆ ಫ್ರಿಜ್‌ಗೆ ಹಾಕಿ. ಫಾಯಿಲ್ ಸಮೇತ ರಾತ್ರಿಯಿಡೀ ಹೊರಗೆ ಬಿಡಬೇಡಿ. ಬೇಯಿಸಿದ ಆಲೂಗಡ್ಡೆಯನ್ನು ಹಾಗೆ ಬಿಟ್ಟು ಬಾಟ್ಯುಲಿಸಂ ಎಂಬ ಕೆಟ್ಟ ವಿಷಬಾಧೆ ಆದ ಉದಾಹರಣೆ ಇದೆ. ಬೆಂದ ಗೆಣಸಿಗೆ ಫ್ರಿಜ್ ತೊಂದರೆ ಕೊಡುವುದಿಲ್ಲ, ಮೂರು ನಾಲ್ಕು ದಿನ ಇರುತ್ತದೆ. ಮರುದಿನ ತೆಗೆದಾಗ ಗಟ್ಟಿ ಇದ್ದರೆ ಗಾಬರಿ ಬೇಡ. ತಣ್ಣಗಾದ ಪಿಷ್ಟ ಮತ್ತೆ ಬಿಗಿದುಕೊಂಡಿದೆ. ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.